ಆಟಕ್ಕುಂಟು, ಲೆಕ್ಕಕ್ಕೂ ಉಂಟು: ವಿಶ್ವ ಅಮೆಚೂರ್ ಗಾಲ್ಫ್‌ನ ಮೂರನೆಯ ಆಟಗಾರ್ತಿ

ಚಿಕ್ಕಂದಿನಲ್ಲಿ ಬೀದಿಯಲ್ಲಿ ಲಗೋರಿ ಆಡುವಾಗ ಯಾರದೋ ಪುಟ್ಟ ತಂಗಿ ತಾನೂ ಬರುತ್ತೇನೆಂದು ಹಟ ಹಿಡಿದು ನಿಲ್ಲುತ್ತಿದ್ದಳು. ಅಳಿಸಿ ಕಳಿಸಲು ಮನಸ್ಸಿಲ್ಲ, ಸೇರಿಸಿಕೊಂಡರೆ ತಂಡ ಸೋಲುತ್ತದೆಂಬ ಭಯ. ಆಗ ದೊಡ್ಡವರೊಬ್ಬರು ತೀರ್ಪು ಕೊಡುತ್ತಿದ್ದರು: "ಅವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ." ಅವಳು ಓಡುತ್ತಾಳೆ, ಚೆಂಡು ಎಸೆಯುತ್ತಾಳೆ, ಕೇಕೆ ಹಾಕುತ್ತಾಳೆ. ಔಟಾದರೆ ಯಾರೂ ಎಣಿಸುವುದಿಲ್ಲ.

ಮಹಿಳೆಯರ ಅಮೆಚೂರ್ (ಬಹುಮಾನದ ಹಣಕ್ಕಾಗಿ ಆಡದವರ) ಗಾಲ್ಫ್‌ನ ಅತಿ ದೊಡ್ಡ ತಂಡ ಸ್ಪರ್ಧೆಯಲ್ಲಿ ದಿನವೂ ಪ್ರತಿ ತಂಡದಲ್ಲೂ ಇಂಥ ಒಬ್ಬಳು ಇರುತ್ತಾಳೆ. ಆದರೆ ಅವಳು ಯಾರೆಂದು ಬೆಳಿಗ್ಗೆ ಯಾರಿಗೂ ತಿಳಿದಿರುವುದಿಲ್ಲ, ಅವಳಿಗೂ ಕೂಡ. ಸಂಜೆ ಎಲ್ಲರ ಕಾರ್ಡ್ ಬಂದಮೇಲೇ ಗೊತ್ತಾಗುವುದು. 2006ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ, ವಿಶ್ವ ಚಾಂಪಿಯನ್ ಯಾರು ಎಂಬುದನ್ನು ತೀರ್ಮಾನಿಸಿದ್ದು ಲೆಕ್ಕಕ್ಕೆ ಬಾರದ ಆ ಹುಡುಗಿಯ ಸ್ಕೋರೇ.

ಈ ಸ್ಪರ್ಧೆಯ ಪೂರ್ತಿ ಹೆಸರು ಮಹಿಳೆಯರ ವಿಶ್ವ ಅಮೆಚೂರ್ ತಂಡ ಚಾಂಪಿಯನ್‌ಷಿಪ್. ಗೆದ್ದವರಿಗೆ ಸಿಗುವುದು ಎಸ್ಪಿರಿಟೊ ಸ್ಯಾಂಟೊ ಟ್ರೋಫಿ. ಅದನ್ನು ಕೊಟ್ಟದ್ದು ಪೋರ್ಚುಗಲ್‌ನ ಎಸ್ಪಿರಿಟೊ ಸ್ಯಾಂಟೊ ಮನೆತನ, ಹೆಸರೂ ಅಲ್ಲಿಂದಲೇ ಬಂತು. ನಡೆಸುವುದು ಅಂತರರಾಷ್ಟ್ರೀಯ ಗಾಲ್ಫ್ ಫೆಡರೇಷನ್. ಒಲಿಂಪಿಕ್ಸ್‌ನ ಗಾಲ್ಫ್ ಹೊಣೆಯೂ ಇದರದೇ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶದಲ್ಲಿ ನಡೆಯುತ್ತದೆ.

ಗಾಲ್ಫ್ ಅಂದರೆ ಶ್ರೀಮಂತರ ಹುಲ್ಲುಗಾವಲು ಎಂದುಕೊಂಡು ಕ್ರೀಡಾಪುಟ ಮಗುಚುವವರಿಗೆ ಇಲ್ಲೇ ಒಂದು ಮಾತು. ಈ ಸ್ಪರ್ಧೆಯನ್ನು ಅರ್ಥಮಾಡಿಕೊಳ್ಳಲು ಗಾಲ್ಫ್ ಆಡಲು ಬರಬೇಕಿಲ್ಲ. ಕೂಡುವುದು, ಕಳೆಯುವುದು ಬಂದರೆ ಸಾಕು.

ಒಂದು ಸುತ್ತಿನಲ್ಲಿ 18 ಹೋಲ್. ಪ್ರತಿ ಹೋಲ್‌ನಲ್ಲೂ ಟೀ ಎಂಬ ಪುಟ್ಟ ಗೂಟದ ಮೇಲಿಂದ ಹೊಡೆದ ಚೆಂಡು ದೂರದಲ್ಲಿ ನುಣ್ಣಗೆ ಹುಲ್ಲು ಕತ್ತರಿಸಿದ ಗ್ರೀನ್‌ನಲ್ಲಿರುವ ಕುಳಿಗೆ ಬೀಳುವ ತನಕ ಎಷ್ಟು ಹೊಡೆತ ಬೇಕಾಯಿತು ಎಂದು ಎಣಿಸುತ್ತಾರೆ. ನುರಿತ ಆಟಗಾರ್ತಿಗೆ ಇಷ್ಟು ಸಾಕು ಎಂದು ಮೊದಲೇ ಗೊತ್ತುಮಾಡಿದ ಸಂಖ್ಯೆಯೇ ಪಾರ್. ಅದು ಹೋಲ್‌ನ ಉದ್ದ ನೋಡಿ ಮೂರು, ನಾಲ್ಕು ಅಥವಾ ಐದು ಇರುತ್ತದೆ. 18 ಹೋಲ್‌ಗಳ ಪಾರ್ ಕೂಡಿದರೆ ಹೆಚ್ಚಿನ ಕೋರ್ಸ್‌ಗಳಲ್ಲಿ 72 ಅಥವಾ ಅದರ ಆಸುಪಾಸು. ಪಾರ್‌ಗಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಕ್ರಿಕೆಟ್ ನೋಡಿ ಬೆಳೆದ ನಮಗೆ ಮೊದಮೊದಲು ಇದು ತಲೆಕೆಳಗೆನಿಸುತ್ತದೆ, ಏಕೆಂದರೆ ಇಲ್ಲಿ ಕಡಿಮೆ ಅಂಕ ಪಡೆದವಳೇ ಮೇಲು.

ಈಗ ತಂಡದ ವಿಷಯ. ಒಂದು ದೇಶದಿಂದ ಮೂವರು. ನಾಲ್ಕು ದಿನ, ನಾಲ್ಕು ಸುತ್ತು. ಪ್ರತಿದಿನ ಮೂವರೂ ತಮ್ಮ ತಮ್ಮ ಪೂರ್ತಿ 18 ಹೋಲ್ ಆಡುತ್ತಾರೆ, ಆದರೆ ಆ ದಿನದ ಎರಡು ಒಳ್ಳೆಯ ಸ್ಕೋರ್ ಮಾತ್ರ ತಂಡದ ಖಾತೆಗೆ. ಮೂರನೆಯದನ್ನು ಬಿಡುತ್ತಾರೆ. ನಾಲ್ಕು ದಿನದ ಎಂಟು ಸ್ಕೋರ್ ಕೂಡಿದಾಗ ಯಾರದು ಕಡಿಮೆಯೋ ಅವರು ಗೆದ್ದರು.

ಓದಿದರೆ ಸರಳ. ಕಾಗದದ ಮೇಲೆ ಬರೆದು ನೋಡಿದಾಗಲೇ ಇದರೊಳಗಿನ ಸೊಗಸು ಕಾಣುವುದು. ಒಂದು ಕಲ್ಪನೆಯ ತಂಡ ಕಟ್ಟೋಣ: ಕಾವ್ಯಾ, ದೀಪಾ, ಶ್ರೇಯಾ. ಕೋರ್ಸ್‌ನ ಪಾರ್ 72.

ಮೊದಲ ದಿನ ಕಾವ್ಯಾ 70, ದೀಪಾ 73, ಶ್ರೇಯಾ 78. ಶ್ರೇಯಾಳ 78 ಬಿಟ್ಟರೆ ತಂಡಕ್ಕೆ 143. ಎರಡನೆಯ ದಿನ ಕಾವ್ಯಾ ಎಡವಿ 75, ದೀಪಾ 71, ಶ್ರೇಯಾ 72. ಈ ಸಲ ಬಿಡುವುದು ಕಾವ್ಯಾಳದ್ದು, ತಂಡಕ್ಕೆ ಮತ್ತೆ 143. ಮೂರನೆಯ ದಿನ ಕಾವ್ಯಾ 72, ಶ್ರೇಯಾ 70, ದೀಪಾಳಿಗೆ ಏನೂ ಕೂಡಿಬರದೆ 79. ಅದನ್ನು ಬಿಟ್ಟು 142. ಕೊನೆಯ ದಿನ ಕಾವ್ಯಾ 71, ಶ್ರೇಯಾ 73, ದೀಪಾ 74. ತಂಡಕ್ಕೆ 144. ಒಟ್ಟು 572.

ಇಬ್ಬರ ನಾಲ್ಕು ದಿನದ ಪಾರ್ 576. ಅಂದರೆ ತಂಡ ಪಾರ್‌ಗಿಂತ ನಾಲ್ಕು ಕಡಿಮೆಯಲ್ಲಿ ಮುಗಿಸಿತು. ಈಗ ಒಬ್ಬೊಬ್ಬರ ನಾಲ್ಕು ದಿನದ ಮೊತ್ತ ನೋಡಿ: ಕಾವ್ಯಾ 288, ಶ್ರೇಯಾ 293, ದೀಪಾ 297. ನಾಲ್ಕು ಸುತ್ತಿನ ಪಾರ್ 288. ಮೂವರಲ್ಲಿ ಒಬ್ಬಳೂ ಪಾರ್‌ಗಿಂತ ಕೆಳಗಿಲ್ಲ, ಆದರೂ ತಂಡ ಕೆಳಗಿದೆ! ಮೊದಲ ಸಲ ಹೀಗೆ ಕೂಡಿ ನೋಡಿದಾಗ ನಾನು ಎಲ್ಲೋ ತಪ್ಪಿದ್ದೇನೆಂದು ಮತ್ತೆ ಮೊದಲಿಂದ ಕೂಡಿದೆ. ತಪ್ಪಿರಲಿಲ್ಲ. ಒಬ್ಬಳು ಬಿದ್ದ ದಿನ ಇನ್ನಿಬ್ಬರು ಎತ್ತಿ ಹಿಡಿದರೆ ಲೆಕ್ಕ ಹೀಗೆಯೇ ಬರುತ್ತದೆ. ಮೊದಲ ದಿನ 78 ಹೊಡೆದು ತಂಡಕ್ಕೆ ಭಾರ ಎನಿಸಿಕೊಂಡ ಶ್ರೇಯಾಳ ಉಳಿದ ಮೂರೂ ಸ್ಕೋರ್ ಎಣಿಕೆಗೆ ಬಂದವು. ತಂಡದ ತಾರೆ ಕಾವ್ಯಾಳದ್ದೂ ಒಂದು ದಿನ ಕೈಬಿಟ್ಟು ಹೋಯಿತು.

ವೃತ್ತಿಪರ ಗಾಲ್ಫ್‌ನಲ್ಲಿ ಒಂದು ಕೆಟ್ಟ ದಿನ ವಾರವಿಡೀ ಬೆನ್ನಿಗಿರುತ್ತದೆ. ಇಲ್ಲಿ ಅದನ್ನು ಗೆಳತಿಯರು ಹೊತ್ತು ದಾಟಿಸುತ್ತಾರೆ. ಆದರೆ ಹೊರಲು ಆಗುವುದು ದಿನಕ್ಕೆ ಒಬ್ಬಳನ್ನು ಮಾತ್ರ. ಒಂದೇ ದಿನ ಇಬ್ಬರು ಮುಗ್ಗರಿಸಿದರೆ ಮುಚ್ಚಿಕೊಳ್ಳಲು ಜಾಗವೇ ಇಲ್ಲ. ಒಬ್ಬಳಿಗೆ ಜ್ವರ ಬಂದು ಮಲಗಿದಳೆನ್ನಿ, ಅಥವಾ ಕಾರ್ಡ್‌ನಲ್ಲಿ ಒಂದು ಹೋಲ್‌ಗೆ ಹೊಡೆದದ್ದಕ್ಕಿಂತ ಕಡಿಮೆ ಬರೆದು ಸಹಿ ಹಾಕಿ ಅನರ್ಹಳಾದಳೆನ್ನಿ, ಆ ದಿನ ಉಳಿದಿಬ್ಬರ ಪ್ರತಿ ಹೊಡೆತವೂ ನೇರ ತಂಡದ ಲೆಕ್ಕಕ್ಕೆ. ಗಾಲ್ಫ್‌ನಲ್ಲಿ ನಿಮ್ಮ ಸ್ಕೋರನ್ನು ಜೊತೆಗೆ ಆಡುವ ಎದುರಾಳಿ ಬರೆಯುತ್ತಾಳೆ, ನೀವು ಅವಳದ್ದನ್ನು ಬರೆಯುತ್ತೀರಿ, ಕೊನೆಗೆ ಇಬ್ಬರೂ ಕೂತು ಹೋಲ್ ಹೋಲ್ ಓದಿಕೊಂಡು ತಾಳೆ ನೋಡಿ ಸಹಿ ಹಾಕುತ್ತೀರಿ. ಬಿಸಿಲಲ್ಲಿ ನಾಲ್ಕೈದು ಗಂಟೆ ನಡೆದು ಬಂದಮೇಲೆ, ಹದಿನೇಳು ಹದಿನೆಂಟರ ಹುಡುಗಿಯೊಬ್ಬಳು ಆ ಪುಟ್ಟ ಚೌಕಗಳ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಓದುವುದನ್ನು ನೋಡಿದರೆ ಈ ಆಟದ ಪ್ರಾಮಾಣಿಕತೆ ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ.

ಇನ್ನೊಂದು ವಿಷಯ ಹೊರಗಿನಿಂದ ನೋಡುವವರಿಗೆ ಬೇಗ ಹೊಳೆಯುವುದಿಲ್ಲ. ಒಂದೇ ದೇಶದ ಮೂವರು ಒಟ್ಟಿಗೆ ಆಡುವುದಿಲ್ಲ. ಒಂದೊಂದು ಗುಂಪಿನಲ್ಲಿ ಬೇರೆ ಬೇರೆ ದೇಶದವರು, ಒಂದರ ಹಿಂದೆ ಒಂದು ಗುಂಪು. ಮುಂದಿನ ಗುಂಪಿನಲ್ಲಿರುವ ಗೆಳತಿ ಬರ್ಡಿ ಹೊಡೆದಳೋ, ನೀರಿಗೆ ಹಾಕಿದಳೋ ಹಿಂದಿನವಳಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಆಡದ ಕ್ಯಾಪ್ಟನ್ ಒಬ್ಬರು ಗುಂಪಿನಿಂದ ಗುಂಪಿಗೆ ನಡೆದಾಡುತ್ತಿರುತ್ತಾರೆ. ಅವರಿಗೂ ಒಂದು ಇಕ್ಕಟ್ಟು: ಮೂವರ ಸ್ಥಿತಿಯನ್ನೂ ಎಲ್ಲರಿಗೂ ಹೇಳಬೇಕೇ, ಅಥವಾ ಸುಮ್ಮನೆ ನಕ್ಕು ಮುಂದೆ ಹೋಗಬೇಕೇ? ಉಳಿದಿಬ್ಬರು ಚೆನ್ನಾಗಿ ಆಡುತ್ತಿದ್ದಾರೆ ಎಂದರೆ ಮೂರನೆಯವಳು ಧೈರ್ಯವಾಗಿ ನೀರು ದಾಟಿಸಿ ಹೊಡೆಯಬಹುದು, ತಪ್ಪಿದರೆ ಆ ಸ್ಕೋರ್ ಬಿಟ್ಟುಹೋಗುತ್ತದೆ. ಇಬ್ಬರಲ್ಲಿ ಒಬ್ಬಳು ಕಷ್ಟದಲ್ಲಿದ್ದಾಳೆ ಎಂದು ತಿಳಿದರೆ ಇವಳ ಕೈ ಬಿಗಿಯಬಹುದು. ನನ್ನ ಅಭಿಪ್ರಾಯದಲ್ಲಿ ಈ ಸ್ಪರ್ಧೆಯ ಅರ್ಧ ಆಟ ಇರುವುದು ಈ ತಿಳಿದೂ ತಿಳಿಯದ ಸ್ಥಿತಿಯಲ್ಲೇ.

ಈಗ ಸಮಬಲದ ಮಾತಿಗೆ ಬರೋಣ. ನಾಲ್ಕು ದಿನ, ಎಂಟು ಸ್ಕೋರ್, 144 ಹೋಲ್‌ಗಳ ಎಣಿಕೆಯ ನಂತರವೂ ಎರಡು ದೇಶಗಳ ಮೊತ್ತ ಒಂದೇ ಬಂದರೆ? ಪುರುಷರ ಇಂಥದೇ ಸ್ಪರ್ಧೆಯಾದ ಐಸೆನ್‌ಹೋವರ್ ಟ್ರೋಫಿ 1958ರಲ್ಲಿ ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್‌ನಲ್ಲಿ ಮೊದಲ ಸಲ ನಡೆದಾಗ ಆಸ್ಟ್ರೇಲಿಯಾ ಮತ್ತು ಅಮೆರಿಕ ಸಮನಾದವು. ಇನ್ನೊಂದು ಪೂರ್ತಿ ಸುತ್ತು ಆಡಿಸಿ ತೀರ್ಮಾನಿಸಿದರು, ಆಸ್ಟ್ರೇಲಿಯಾ ಗೆದ್ದಿತು. ಮಹಿಳೆಯರ ಸ್ಪರ್ಧೆಯಲ್ಲಿ ಈಗಿರುವ ದಾರಿ ಬೇರೆ. ಕೊನೆಯ ದಿನ ಬಿಟ್ಟುಹೋದ ಆ ಮೂರನೆಯ ಸ್ಕೋರನ್ನು ಹೊರತೆಗೆಯುತ್ತಾರೆ. ಅದು ಯಾರದು ಕಡಿಮೆಯೋ ಟ್ರೋಫಿ ಅವರಿಗೆ.

ನಮ್ಮ ಕಲ್ಪನೆಯ ತಂಡಕ್ಕೆ ಮರಳಿ. ಕೊನೆಯ ದಿನ, ಕೊನೆಯ ಗುಂಪಿನಲ್ಲಿ ದೀಪಾ. ನಿನ್ನೆ 79 ಹೊಡೆದವಳು. ರಾತ್ರಿ ನಿದ್ದೆ ಸರಿಯಾಗಿ ಬಂದಿರಲಿಕ್ಕಿಲ್ಲ. ಕಾವ್ಯಾ, ಶ್ರೇಯಾ ಆಗಲೇ ಕಾರ್ಡ್ ಕೊಟ್ಟಾಗಿದೆ, 71 ಮತ್ತು 73. ಹದಿನೆಂಟನೆಯ ಗ್ರೀನ್‌ನಲ್ಲಿ ದೀಪಾಳ ಚೆಂಡು ಕುಳಿಗೆ ಐದಡಿ ದೂರ, ಸ್ವಲ್ಪ ಇಳಿಜಾರು, ಎಡಕ್ಕೆ ವಾಲುವ ನೆಲ. ಹಾಕಿದರೆ ಅವಳದು 74, ತಪ್ಪಿದರೆ 75. ಎರಡೂ ತಂಡದ ಮೊತ್ತಕ್ಕೆ ಸೇರುವುದಿಲ್ಲ. ಅವಳು ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೆಲ ಓದುತ್ತಾಳೆ, ಎದ್ದು ಆಚೆ ಬದಿಯಿಂದಲೂ ಓದುತ್ತಾಳೆ, ಎರಡು ಸಲ ಪಟರ್ (ಚೆಂಡನ್ನು ಕುಳಿಗೆ ತಳ್ಳುವ ಕೋಲು) ತೂಗಿ ನೋಡಿ ಮೆಲ್ಲಗೆ ತಳ್ಳುತ್ತಾಳೆ. ಚೆಂಡು ಕುಳಿಯ ಬಲ ಅಂಚಿಗೆ ಹೋಗಿ, ನಿಂತಿತೇನೋ ಎನ್ನುವಷ್ಟು ನಿಧಾನವಾಗಿ ಒಳಕ್ಕೆ ಬೀಳುತ್ತದೆ. ಎದುರಾಳಿ ದೇಶದ ಒಟ್ಟೂ 572, ಆದರೆ ಅವರ ಬಿಟ್ಟ ಸ್ಕೋರ್ 75. ನಾಲ್ಕು ದಿನದಲ್ಲಿ ಎರಡು ದಿನ ಲೆಕ್ಕಕ್ಕೇ ಬಾರದ ದೀಪಾ ತನ್ನ ದೇಶಕ್ಕೆ ಟ್ರೋಫಿ ತಂದಳು.

ಇದು ಕಲ್ಪನೆ. ಆದರೆ 2022ರ ಆಗಸ್ಟ್‌ನಲ್ಲಿ ಪ್ಯಾರಿಸ್ ಬಳಿ ನಡೆದದ್ದು ಇದೇ ಲೆಕ್ಕದ ತೀರ್ಮಾನ. ಸ್ವೀಡನ್ ಮತ್ತು ಅಮೆರಿಕ ಎರಡೂ 559ಕ್ಕೆ, ಪಾರ್‌ಗಿಂತ 13 ಕಡಿಮೆಗೆ ಮುಗಿಸಿದವು. ಅಮೆರಿಕದ ಪರ ಆಡಿದವರಲ್ಲಿ ಆಗ ಜಗತ್ತಿನ ನಂಬರ್ ಒನ್ ಅಮೆಚೂರ್ ಆಗಿದ್ದ ರೋಸ್ ಜಾಂಗ್ ಇದ್ದಳು. ಸ್ವೀಡನ್ನಿನ ಮೂವರು ಇಂಗ್ರಿಡ್ ಲಿಂಡ್‌ಬ್ಲಾಡ್, ಲೂಯಿಸ್ ರಿಡ್‌ಕ್ವಿಸ್ಟ್, ಮೇಯಾ ಓರ್ಟೆಂಗ್ರೆನ್. ಕೊನೆಯ ಸುತ್ತಿನ ಬಿಟ್ಟ ಸ್ಕೋರ್ ಹೋಲಿಸಿದಾಗ ಸ್ವೀಡನ್ನಿನದು ಕಡಿಮೆ ಇತ್ತು. 2006ರಲ್ಲಿ ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್‌ನಲ್ಲಿ ಇದೇ ಸ್ವೀಡನ್ ಇದೇ ನಿಯಮದಿಂದ ಸೋತಿತ್ತು. ಅಂದು ಗೆದ್ದದ್ದು ಆತಿಥೇಯ ದಕ್ಷಿಣ ಆಫ್ರಿಕಾ, ಅದೂ ಅದರ ಮೊದಲ ಪ್ರಶಸ್ತಿ. ಹದಿನಾರು ವರ್ಷದ ನಂತರ ಅದೇ ತಕ್ಕಡಿ ಸ್ವೀಡನ್ ಕಡೆ ವಾಲಿತು.

ಮರುಪಂದ್ಯ ಆಡಿಸುವುದೇ ಹೆಚ್ಚು ನ್ಯಾಯ ಎನ್ನುವವರಿದ್ದಾರೆ. ನನಗೆ ಈ ನಿಯಮವೇ ಸರಿ ಎನಿಸುತ್ತದೆ. ಮೂವರ ತಂಡ ಎಂದಮೇಲೆ ಕೊನೆಯ ಮಾತು ಮೂರನೆಯವಳದ್ದಾಗಲಿ. ತನ್ನ ಸ್ಕೋರ್ ಹೇಗೂ ಬಿಟ್ಟುಹೋಗುತ್ತದೆ ಎಂದು ಗೊತ್ತಾದ ಮೇಲೂ ಕೈಚೆಲ್ಲದೆ ಕೊನೆಯ ಪಟ್ ತನಕ ಆಡಬೇಕಾದ ಕಾರಣವನ್ನು ಈ ನಿಯಮ ಅವಳ ಕೈಗೆ ಕೊಡುತ್ತದೆ.

ಈ ಸ್ಪರ್ಧೆ ಹುಟ್ಟಿದ್ದು ಹೇಗೆ? ಪುರುಷರಿಗೆ 1958ರಲ್ಲೇ ವಿಶ್ವ ತಂಡ ಸ್ಪರ್ಧೆ ಸಿಕ್ಕಿತು, ಮಹಿಳೆಯರು ಆರು ವರ್ಷ ಕಾಯಬೇಕಾಯಿತು. ಅದನ್ನು ಆಗುಮಾಡಿದ್ದು ಫ್ರಾನ್ಸ್‌ನ ಲಾಲಿ ಸೆಗಾರ್, ತಾವೇ 1950ರಲ್ಲಿ ಬ್ರಿಟಿಷ್ ಮಹಿಳಾ ಅಮೆಚೂರ್ ಗೆದ್ದ ಆಟಗಾರ್ತಿ. ಅವರ ಒತ್ತಾಸೆಯಿಂದ ಫ್ರೆಂಚ್ ಗಾಲ್ಫ್ ಫೆಡರೇಷನ್ 1964ರಲ್ಲಿ ಪ್ಯಾರಿಸ್ ಬಳಿಯ ಸೇಂಟ್ ಜರ್ಮೇನ್ ಕೋರ್ಸ್‌ಗೆ ದೇಶಗಳನ್ನು ಕರೆಯಿತು. 25 ತಂಡಗಳು ಬಂದವು. ಗೆಲ್ಲುವುದು ಅಮೆರಿಕ ಎಂದೇ ಎಲ್ಲರ ಎಣಿಕೆ. ಗೆದ್ದದ್ದು ಫ್ರಾನ್ಸ್, ಒಂದೇ ಒಂದು ಹೊಡೆತದ ಅಂತರದಲ್ಲಿ.

ಆ ಫ್ರೆಂಚ್ ತಂಡದಲ್ಲಿದ್ದ 19ರ ಹುಡುಗಿಯ ಬಗ್ಗೆ ನಿಂತು ಹೇಳಲೇಬೇಕು. ಹೆಸರು ಕ್ಯಾಥರೀನ್ ಲಾಕೋಸ್ಟ್. ಮೊಸಳೆ ಗುರುತಿನ ಟೀ ಶರ್ಟ್ ನೆನಪಿದೆಯಲ್ಲ? ಆ ಕಂಪನಿ ಕಟ್ಟಿದ ಟೆನಿಸ್ ಚಾಂಪಿಯನ್ ರೆನೆ ಲಾಕೋಸ್ಟ್ ಇವಳ ಅಪ್ಪ. ಗಾಲ್ಫ್ ಬಂದದ್ದು ಅಮ್ಮನಿಂದ. ಅಮ್ಮ ಸಿಮೋನ್ 1927ರಲ್ಲಿ ಬ್ರಿಟಿಷ್ ಮಹಿಳಾ ಅಮೆಚೂರ್ ಗೆದ್ದಿದ್ದವರು. ಮೂರು ವರ್ಷದ ನಂತರ, 1967ರಲ್ಲಿ, ಕ್ಯಾಥರೀನ್ ಅಮೆರಿಕಕ್ಕೆ ಹೋಗಿ ವೃತ್ತಿಪರರೆಲ್ಲ ಆಡುವ ಯುಎಸ್ ಮಹಿಳಾ ಓಪನ್ ಗೆದ್ದುಬಿಟ್ಟಳು. ಆ ಓಪನ್ ಗೆದ್ದ ಅಮೆಚೂರ್ ಇಂದಿಗೂ ಅವಳೊಬ್ಬಳೇ. ಅಷ್ಟಾದರೂ ವೃತ್ತಿಪರಳಾಗಲಿಲ್ಲ. 1969ರಲ್ಲಿ ಅಮೆರಿಕದ ಮತ್ತು ಬ್ರಿಟನ್ನಿನ ಅಮೆಚೂರ್ ಪ್ರಶಸ್ತಿ ಎರಡನ್ನೂ ಗೆದ್ದಳು.

ಅಮೆಚೂರ್ ಎಂದರೆ ಅರೆಬರೆ ಆಡುವವರು ಎಂಬ ಅರ್ಥ ನಮ್ಮ ಮಾತಿನಲ್ಲಿ ಸೇರಿಕೊಂಡಿದೆ. ಗಾಲ್ಫ್‌ನಲ್ಲಿ ಹಾಗಲ್ಲ. ಬಹುಮಾನದ ಹಣಕ್ಕಾಗಿ ಆಡದವರು ಎಂದಷ್ಟೇ. ಕಾಲೇಜು, ಶಾಲೆ ಮುಗಿಸುತ್ತಾ ದಿನಕ್ಕೆ ಆರೇಳು ಗಂಟೆ ಅಭ್ಯಾಸ ಮಾಡುವ ಹುಡುಗಿಯರೂ ಇದರಲ್ಲಿದ್ದಾರೆ. 1992ರಲ್ಲಿ ವೈಯಕ್ತಿಕವಾಗಿ ಮೊದಲು ಬಂದವರು ಸ್ವೀಡನ್ನಿನ ಆನಿಕಾ ಸೋರೆನ್‌ಸ್ಟಮ್. ಮುಂದೆ ಮಹಿಳಾ ಗಾಲ್ಫ್‌ನ ದೊಡ್ಡ ಹೆಸರಾಗಿ, 2021ರಲ್ಲಿ ಇದೇ ಫೆಡರೇಷನ್ನಿನ ಅಧ್ಯಕ್ಷೆಯೂ ಆದರು. 2012ರಲ್ಲಿ ಟರ್ಕಿಯಲ್ಲಿ ಮುಂಚೂಣಿಯಲ್ಲಿದ್ದವಳು ನ್ಯೂಜಿಲೆಂಡ್‌ನ ಲಿಡಿಯಾ ಕೋ, 2014ರಲ್ಲಿ ಜಪಾನಿನಲ್ಲಿ ಕೆನಡಾದ ಬ್ರೂಕ್ ಹೆಂಡರ್ಸನ್. ಮೂವರೂ ಮೊದಲು ಬಂದರು, ಮೂವರ ದೇಶವೂ ಆ ವರ್ಷ ಟ್ರೋಫಿ ಗೆಲ್ಲಲಿಲ್ಲ! ಸ್ಪೇನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ ಕ್ರಮವಾಗಿ ಗೆದ್ದವು. ಒಬ್ಬಳು ಎಷ್ಟೇ ಚೆನ್ನಾಗಿ ಆಡಿದರೂ ತಂಡದ ಲೆಕ್ಕದಲ್ಲಿ ಅರ್ಧ ಮಾತ್ರ ಅವಳದು.

ಗೆದ್ದವರ ಪಟ್ಟಿ ಓದಿದರೆ ಆಟ ಹೇಗೆ ಹರಡಿತು ಎಂಬುದೂ ಕಾಣುತ್ತದೆ. 1966ರಿಂದ 1998ರವರೆಗೆ ಅಮೆರಿಕ 13 ಸಲ ಗೆದ್ದಿತು. ಆಮೇಲೆ ಇಪ್ಪತ್ತು ವರ್ಷ ಬರಗಾಲ, 2018ರಲ್ಲಿ ಐರ್ಲೆಂಡ್‌ನಲ್ಲಿ 14ನೆಯದು. ಆ ನಡುವೆ ಫ್ರಾನ್ಸ್, ಆಸ್ಟ್ರೇಲಿಯಾ, ಸ್ವೀಡನ್, ದಕ್ಷಿಣ ಆಫ್ರಿಕಾ, ಎಲ್ಲಕ್ಕಿಂತ ಹೆಚ್ಚಾಗಿ ದಕ್ಷಿಣ ಕೊರಿಯಾ. 2010ರಲ್ಲಿ ಕೊರಿಯಾದ ಗೆಲುವಿನ ಅಂತರ 17 ಹೊಡೆತ, 2016ರಲ್ಲಿ ಮೆಕ್ಸಿಕೊದಲ್ಲಿ 21. ಒಂದು ಹೊಡೆತದಲ್ಲಿ, ಒಂದೂ ಇಲ್ಲದೆ ತೀರ್ಮಾನವಾಗುವ ಸ್ಪರ್ಧೆಯಲ್ಲಿ 21 ಎಂದರೆ ಉಳಿದವರು ಬೇರೆ ಸ್ಪರ್ಧೆ ಆಡಿದಂತೆ. ಆ ವರ್ಷ ಎರಡನೆಯದಾಗಿ ಬಂದದ್ದು ಸ್ವಿಟ್ಜರ್ಲೆಂಡ್ ಎಂಬುದೂ ಗಮನಿಸಬೇಕಾದ್ದೇ. ಎಂಟು ಜನರ ತಂಡ ಬೇಕಾದ ಕರ್ಟಿಸ್ ಕಪ್‌ನಂಥ ಸ್ಪರ್ಧೆ ಸಣ್ಣ ದೇಶಕ್ಕೆ ಎಟುಕುವುದಿಲ್ಲ. ಅದು 1932ರಿಂದಲೂ ಅಮೆರಿಕ ಮತ್ತು ಬ್ರಿಟನ್–ಐರ್ಲೆಂಡ್ ನಡುವಿನದ್ದು. ಮೂವರು ಸಾಕು ಎಂದರೆ ಕಥೆಯೇ ಬೇರೆ. ಒಂದು ಊರಿನಲ್ಲಿ, ಒಂದೇ ಕಾಲದಲ್ಲಿ ಮೂವರು ಹುಡುಗಿಯರು ಬೆಳೆದರೂ ಒಂದು ದೇಶದ ತಂಡ ತಯಾರು.

ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮಹಿಳಾ ತಂಡ ವಿಭಾಗದ ಲೆಕ್ಕವೂ ಇದೇ ಇತ್ತು: ಮೂವರು, ನಾಲ್ಕು ಸುತ್ತು, ದಿನಕ್ಕೆ ಎರಡು ಸ್ಕೋರ್. ಭಾರತದ ಆ ಮೂವರು ಯಾರು? ಬೆಂಗಳೂರಿನ ಅದಿತಿ ಅಶೋಕ್, ಬೆಂಗಳೂರಿನ ಅವನಿ ಪ್ರಶಾಂತ್, ಮೈಸೂರಿನ ಪ್ರಣವಿ ಅರಸ್. ಇಡೀ ದೇಶದ ತಂಡ ನಮ್ಮ ಎರಡು ಊರುಗಳಿಂದ! ಅದಿತಿ ಮೂರು ಸುತ್ತಿನ ನಂತರ ಏಳು ಹೊಡೆತ ಮುಂದಿದ್ದು ಕೊನೆಯ ದಿನ 77 ಹೊಡೆದು ವೈಯಕ್ತಿಕ ಚಿನ್ನ ಕಳೆದುಕೊಂಡು ಬೆಳ್ಳಿ ತಂದಳು. ನಾವೆಲ್ಲ ಆ 77 ನೆನೆದು ಮರುಗಿದೆವು. ಭಾರತದ ಮಹಿಳಾ ಗಾಲ್ಫ್‌ಗೆ ಏಷ್ಯನ್ ಗೇಮ್ಸ್‌ನಲ್ಲಿ ಬಂದ ಮೊದಲ ಪದಕ ಅದು ಎಂಬುದು ನಮಗೆ ಅರಿವಾಗಲು ಒಂದೆರಡು ದಿನ ಬೇಕಾಯಿತು.

ಅದಿತಿ ವೃತ್ತಿಪರಳಾದದ್ದು 2016ರಲ್ಲಿ. ಅದಕ್ಕೂ ಹಿಂದಿನ ವರ್ಷ ಅಮೆಚೂರ್ ಆಗಿ ಸೇಂಟ್ ಆಂಡ್ರೂಸ್‌ನ ಸೇಂಟ್ ರೂಲ್ ಟ್ರೋಫಿಯನ್ನೂ, ಬ್ರಿಟಿಷ್ ಮಹಿಳಾ ಅಮೆಚೂರ್ ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತ ಎಣಿಸುವ) ಪ್ರಶಸ್ತಿಯನ್ನೂ ಗೆದ್ದಿದ್ದಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮ್ಮ ಮಾಹೇಶ್ವರಿ ಕೋಲುಗಳ ಚೀಲ ಹೊರುವ ಕ್ಯಾಡಿಯಾಗಿ ಜೊತೆಗಿದ್ದು, ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವಳಾದದ್ದು ಎಲ್ಲರಿಗೂ ನೆನಪಿದೆ. ಬೆಳಗಿನ ಜಾವ ಎದ್ದು ಗಾಲ್ಫ್ ನೋಡಿದವರು ಆ ವಾರ ನಮ್ಮ ಬೀದಿಯಲ್ಲೂ ಇದ್ದರು.

ಅವನಿಯ ಹೆಸರು ಬೇರೊಂದು ಕಾರಣಕ್ಕೆ ಇಲ್ಲಿ ಬರಬೇಕು. ಎಸ್ಪಿರಿಟೊ ಸ್ಯಾಂಟೊಗೆ ಏಷ್ಯಾ ಪೆಸಿಫಿಕ್‌ನಲ್ಲಿ ತಂಗಿಯಂಥ ಸ್ಪರ್ಧೆಯೊಂದಿದೆ, ಕ್ವೀನ್ ಸಿರಿಕಿಟ್ ಕಪ್. ಥಾಯ್ಲೆಂಡ್‌ನ ರಾಣಿಯ ಹೆಸರಿನಲ್ಲಿ 1979ರಲ್ಲಿ ಶುರುವಾದದ್ದು. ಅಲ್ಲೂ ಮೂವರು ಆಡಿ ಇಬ್ಬರ ಲೆಕ್ಕ, ಸುತ್ತು ಮಾತ್ರ ಮೂರು. 2023ರಲ್ಲಿ ಮನಿಲಾದಲ್ಲಿ ಅದು ನಡೆದಾಗ ವೈಯಕ್ತಿಕವಾಗಿ ಮೊದಲು ಬಂದವಳು 16ರ ಅವನಿ. ಕೊರಿಯಾ, ಜಪಾನ್, ಆಸ್ಟ್ರೇಲಿಯಾದ ಹುಡುಗಿಯರೆಲ್ಲ ಹಿಂದೆ. ನಮ್ಮ ಪತ್ರಿಕೆಗಳಲ್ಲಿ ಅದಕ್ಕೆ ಇನ್ನಷ್ಟು ಜಾಗ ಸಿಗಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಮುಂದಿನ ಸಲ ಈ ಚಾಂಪಿಯನ್‌ಷಿಪ್ ನಡೆಯುವಾಗ ಮೊಬೈಲಿನಲ್ಲಿ ಸ್ಕೋರ್ ನೋಡುವವರಿಗೆ ಒಂದು ದಾರಿ ಹೇಳುತ್ತೇನೆ. ದೇಶದ ಹೆಸರಿನ ಕೆಳಗೆ ಮೂವರ ಹೆಸರಿರುತ್ತದೆ, ಪಕ್ಕದಲ್ಲಿ ದಿನದಿನದ ಸ್ಕೋರ್. ಎರಡನ್ನು ಕೂಡಿಕೊಂಡು ಒಂದನ್ನು ಬಿಟ್ಟಿರುತ್ತಾರೆ. ಮೊದಲ ಮೂರು ದಿನ ಬಿಟ್ಟದ್ದನ್ನು ನೋಡಿ ತಂಡ ಎಷ್ಟು ಗಟ್ಟಿ ಎಂದು ಅಳೆಯಿರಿ: ಬಿಟ್ಟದ್ದು 73 ಆದರೆ ಮೂವರೂ ಕುದುರಿದ್ದಾರೆ, 81 ಆದರೆ ಇಬ್ಬರ ಮೇಲೇ ಭಾರ ಬಿದ್ದಿದೆ. ನಾಲ್ಕನೆಯ ದಿನ ಸಂಜೆ ಎರಡು ದೇಶಗಳ ಮೊತ್ತ ಒಂದೇ ಕಂಡರೆ ಗಾಬರಿಯಾಗಬೇಡಿ. ದೊಡ್ಡ ಅಂಕಿಯಿಂದ ಕಣ್ಣು ಕೆಳಗಿಳಿಸಿ ಆ ದಿನ ಬಿಟ್ಟ ಸ್ಕೋರ್ ಎರಡನ್ನೂ ಹುಡುಕಿ. ಅದರಲ್ಲಿ ಚಿಕ್ಕದು ಯಾವ ದೇಶದ್ದೋ, ಆ ದೇಶದ ಇಬ್ಬರು ಹುಡುಗಿಯರು ಹದಿನೆಂಟನೆಯ ಗ್ರೀನ್ ಕಡೆಗೆ, ತಮ್ಮ ಮೂರನೆಯವಳನ್ನು ಅಪ್ಪಿಕೊಳ್ಳಲು, ಆಗಲೇ ಓಡುತ್ತಿರುತ್ತಾರೆ.